ಕೂನೂರಿನ ಹಳೆಯ ಕ್ಯಾರವಾನ್ ಉಡುಪಿಗೆ: ಎಳೆದು ತರುವುದೋ, ಲಾರಿಗೆ ಏರಿಸುವುದೋ?

ಹೊಳೆಬದಿ, ಕಲ್ಯಾಣಪುರ

ಕೂನೂರಿನ ಸಮೀಪದ ಚಹಾ ತೋಟವೊಂದರ ಶೆಡ್ಡಿನಲ್ಲಿ ಬಹುಕಾಲದಿಂದ ನಿಂತಿರುವ ಕ್ಯಾರವಾನ್ ಒಂದನ್ನು ಕೊಳ್ಳುವ ಮಾತು ಬಹುತೇಕ ಮುಗಿದಿದೆ. ಎಂಜಿನ್ ಇರುವ ಗಾಡಿಯಲ್ಲ, ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್. ಇಂಗ್ಲೆಂಡಿನ ಸ್ಪ್ರೈಟ್ ಕಂಪನಿಯ ಆಲ್ಪೈನ್ ಮಾದರಿ, 1960ರ ದಶಕದ್ದು. ಮಹಾಯುದ್ಧ ಮುಗಿದ ಮೇಲೆ ಸಾಮಾನ್ಯ ಸಂಬಳದ ಕುಟುಂಬಕ್ಕೂ ಎಟಕುವಂತಹ ಕ್ಯಾರವಾನ್ ಮಾಡಬೇಕೆಂದು ಸ್ಯಾಮ್ ಆಲ್ಪರ್ ಎಂಬವರು ಕಟ್ಟಿದ ಕಂಪನಿ ಅದು. ಹಾಗಾಗಿ ಇದರಲ್ಲಿ ಆಡಂಬರವಿಲ್ಲ. ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಹಾರ್ಡ್‌ಬೋರ್ಡ್, ಅಡಿಯಲ್ಲಿ ಉಕ್ಕಿನ ಚಾಸಿ, ಒಂದೇ ಆಕ್ಸಲ್, ಎರಡು ಚಕ್ರ.

ಒಳಗೆ ಹೋಗಿ ನೋಡಿದ ಮೇಲೆ ಬಿಟ್ಟುಬರಲು ಮನಸ್ಸಾಗಲಿಲ್ಲ. ಮುಂದಿನ ಕಿಟಕಿಯ ಕೆಳಗೆ ಎದುರುಬದುರಾಗಿ ಎರಡು ಬೆಂಚು, ನಡುವೆ ಒಂದು ಮೇಜು. ಮೇಜಿನ ಕಾಲು ಮಡಚಿ ಹಲಗೆಯನ್ನು ಬೆಂಚುಗಳ ನಡುವಿನ ಪಟ್ಟಿಯ ಮೇಲೆ ಕೂರಿಸಿದರೆ ಇಬ್ಬರು ಮಲಗುವ ಮಂಚ. ಬಾಗಿಲ ಪಕ್ಕದಲ್ಲಿ ಎರಡು ಬರ್ನರಿನ ಸ್ಟೌ, ಪುಟ್ಟ ಸಿಂಕ್, ನೀರೆತ್ತಲು ಕಾಲಿನಿಂದ ಒತ್ತುವ ಪಂಪ್. ಕಪಾಟಿನ ಬಾಗಿಲುಗಳ ಹಿತ್ತಾಳೆಯ ಚಿಲಕಗಳು ಇಂದಿಗೂ ಟಕ್ಕೆಂದು ಕೂರುತ್ತವೆ.

ನನ್ನ ಬಳಿ ಬೊಲೆರೊ ಇದೆ. ಕೂನೂರು, ಊಟಿ, ಗೂಡಲೂರು, ಬಂಡೀಪುರ, ಗುಂಡ್ಲುಪೇಟೆ, ಮೈಸೂರು, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು, ಮಂಗಳೂರು ಎಂದು ದಾರಿ ಯೋಚಿಸಿದ್ದೇನೆ. ಐನೂರು ಕಿ.ಮೀ. ಹತ್ತಿರವಾಗುತ್ತದೆ. ಅದರದೇ ಚಕ್ರದ ಮೇಲೆ ಎಳೆದು ತರುವುದು ನನ್ನ ಆಸೆ. ಮನೆಯಲ್ಲಿ ಲಾರಿಯಲ್ಲಿ ತನ್ನಿ ಎನ್ನುತ್ತಾರೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಕಾಪು ಪಡು

ಲಾರಿ. ಎರಡು ಮಾತಿಲ್ಲ. ಅರುವತ್ತು ವರ್ಷದ ಹತ್ತಿರದ ಗಾಡಿಯನ್ನು ನೀಲಗಿರಿಯಿಂದ ಕೆಳಗೆ ಎಳೆದುಕೊಂಡು ಬರುವುದೆಂದರೆ ನಿಮ್ಮ ಜೀವದ ಜತೆಗೆ ಎದುರಿನಿಂದ ಬರುವವರ ಜೀವದ ಪ್ರಶ್ನೆಯೂ ಹೌದು.

ಬೈಕಂಪಾಡಿ ಲೇತ್

ಅಣ್ಣ, ಲಾರಿಯೋ ಎಳೆತವೋ ಎಂಬುದು ಆಮೇಲಿನ ಮಾತು. ಮೊದಲು ನೆಲದಿಂದ ಚಾಸಿಯವರೆಗೆ ಏನಿದೆ ಎಂದು ನೋಡಿ. ಬಣ್ಣ, ಪರದೆ, ಕುಶನ್ ಎಲ್ಲವೂ ಊರಿಗೆ ಬಂದ ಮೇಲೆ.

ಟಯರ್ ಕಣ್ಣಿಗೆ ಎಷ್ಟೇ ಹೊಸದಾಗಿ ಕಂಡರೂ ಬದಲಾಯಿಸಿ. ನಿಂತಲ್ಲೇ ನಿಂತ ಗಾಡಿಯಲ್ಲಿ ಟ್ರೆಡ್ ಸವೆಯುವುದಿಲ್ಲ, ರಬ್ಬರ್ ಮಾತ್ರ ಸಾಯುತ್ತದೆ. ಬದಿಯಲ್ಲಿ ಒತ್ತಿ ಬರೆದ ಅಂಕಿ ನೋಡಿ. 2000ದ ನಂತರದ ಟಯರಾದರೆ ನಾಲ್ಕು ಅಂಕಿ ಇರುತ್ತದೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು ಹೋದ ಶತಮಾನದ್ದು. ರಿಮ್ 13 ಇಂಚಿನದಾದರೆ 155/80 ಆರ್ 13 ಅಳತೆಯ ಟಯರ್ ಇಲ್ಲಿ ಸಿಗುತ್ತದೆ. ಅದರ ಮೇಲೆ ಭಾರದ ಸೂಚ್ಯಂಕ 79 ಎಂದಿದ್ದರೆ ಒಂದೊಂದು ಟಯರ್ 437 ಕೆ.ಜಿ. ಹೊರುತ್ತದೆ. ಸಣ್ಣ ಕಾರುಗಳ 145/80 ಟಯರ್ ಅಗ್ಗವೆಂದು ಅದರ ಕಡೆ ಹೋಗಬೇಡಿ. ಅದರಲ್ಲಿ ಸಾಮಾನ್ಯವಾಗಿ 75 ಎಂದಿರುತ್ತದೆ, ಅಂದರೆ 387 ಕೆ.ಜಿ. ಎರಡೇ ಚಕ್ರದ ಗಾಡಿಗೆ ಆ ಅಂತರ ಬಹಳ ದೊಡ್ಡದು.

ಚಕ್ರದ ನಡುವಿನ ಹಬ್ ಬಿಚ್ಚಲೇಬೇಕು. ಹಳೆಯ ಗ್ರೀಸ್ ಒಣಗಿ ಗಟ್ಟಿಯಾಗಿರುತ್ತದೆ, ಕೆಲವೆಡೆ ನೀರು ಹೋಗಿ ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಆ ಕಾಲದ ಇಂಗ್ಲಿಷ್ ಗಾಡಿಗಳ ಬೇರಿಂಗ್ ಇಂಚಿನ ಅಳತೆಯವು, ಮಿಲಿಮೀಟರಿನವಲ್ಲ. ಹಳೆಯದನ್ನು ಎಸೆಯಬೇಡಿ. ಅದರ ಅಂಚಿನಲ್ಲಿ ಕೆತ್ತಿದ ನಂಬರ್ ತೋರಿಸಿದರೆ ಬೇರಿಂಗ್ ಅಂಗಡಿಯವರು ಜೋಡಿ ಹುಡುಕಿಕೊಡುತ್ತಾರೆ.

ಇನ್ನು ಕಪ್ಲಿಂಗ್, ಅಂದರೆ ಕಾರಿನ ಹಿಂದಿನ ಗುಂಡಿನ ಮೇಲೆ ಕೂರುವ ಟ್ರೇಲರಿನ ಬಟ್ಟಲು. ಯುರೋಪಿನ ಈಗಿನ ಗಾಡಿಗಳದು 50 ಮಿ.ಮೀ. ಗುಂಡು. ಆನ್‌ಲೈನಿನಲ್ಲಿ ಎರಡು ಇಂಚಿನ ಅಮೆರಿಕನ್ ಗುಂಡುಗಳೂ ಸಿಗುತ್ತವೆ, ಅವು 50.8 ಮಿ.ಮೀ. 0.8 ಮಿ.ಮೀ. ತಾನೇ ಎಂದು 50 ಮಿ.ಮೀ. ಬಟ್ಟಲಿಗೆ ಹೊಡೆದು ಕೂರಿಸಿದರೆ ಲಾಕ್ ಪೂರ್ತಿ ಕಚ್ಚುವುದಿಲ್ಲ. ಅದಕ್ಕಿಂತ ಸಣ್ಣದು, 47.6 ಮಿ.ಮೀ. ಗುಂಡೂ ಇದೆ. ಅದು ಸುಲಭವಾಗಿ ಕೂರುತ್ತದೆ, ಹೊಂಡದಲ್ಲಿ ಹಾರಿ ಹೊರಗೂ ಬರುತ್ತದೆ. ವರ್ನಿಯರ್ ಹಿಡಿದು ಅಳೆಯದೆ ತೆಗೆದುಕೊಳ್ಳಬೇಡಿ. ಗುಂಡನ್ನು ಹೊರುವ ಟೋ ಬಾರ್ ಕಾರಿನ ಬಂಪರಿಗಲ್ಲ, ಚಾಸಿಗೆ ಬೋಲ್ಟ್ ಆಗಿರಬೇಕು.

ನೇತ್ರಾವತಿ ದಡ, ಬಂಟ್ವಾಳ

ಗಾಡಿಯ ಕಾಗದ ನೋಡಿದ್ದೀರಾ? ಇದನ್ನು ಯಾರೂ ಕೇಳಲಿಲ್ಲವಲ್ಲ ಎಂದು ನನಗೆ ಕಳವಳ.

ಆ ಕಾಲದಲ್ಲಿ ಯುರೋಪಿನಿಂದ ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ರಸ್ತೆಯಲ್ಲೇ ಭಾರತಕ್ಕೆ ಬರುತ್ತಿದ್ದವರು ಬಹಳ ಮಂದಿ. 1979ರಲ್ಲಿ ಇರಾನಿನ ಕ್ರಾಂತಿ ನಡೆದು, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ ಮೇಲೆ ಆ ದಾರಿ ಮುಚ್ಚಿತು. ಹಾಗೆ ಬಂದ ವಾಹನಗಳು ಕಾರ್ನೆ ಎಂಬ ಸುಂಕದ ಖಾತರಿ ಪತ್ರದ ಮೇಲೆ ಗಡಿ ದಾಟುತ್ತಿದ್ದವು. ಅದರ ನಿಯಮ ಸರಳ: ತಂದ ವಾಹನವನ್ನು ಅವಧಿಯೊಳಗೆ ವಾಪಸು ಒಯ್ಯಬೇಕು. ಇಲ್ಲೇ ಮಾರುವುದಾದರೆ ಸುಂಕ ಕಟ್ಟಿರಬೇಕು. ಸುಂಕ ಕಟ್ಟದೆ ಶೆಡ್ಡಿನಲ್ಲಿ ಉಳಿದುಹೋದ ಗಾಡಿಯಾದರೆ ಎಷ್ಟು ಚಂದವಿದ್ದರೂ ಕೈ ಮುಗಿದು ವಾಪಸು ಬನ್ನಿ.

ಸುಂಕದ ಕಾಗದ, ಆರ್‌ಸಿ ಎರಡೂ ಇದ್ದರೆ ಮುಂದಿನದು ಕಷ್ಟವಲ್ಲ. ಟ್ರೇಲರ್‌ಗೆ ಮೋಟಾರು ವಾಹನ ಕಾಯ್ದೆಯಲ್ಲಿ ಪ್ರತ್ಯೇಕ ನೋಂದಣಿ ಇದೆ. 61ನೇ ಕಲಮಿನ ಪ್ರಕಾರ ಅದರ ನಂಬರ್ ಅದರ ಮೈಮೇಲೆ ಇರಬೇಕು, ಎಳೆಯುವ ವಾಹನದ ನಂಬರನ್ನೂ ಟ್ರೇಲರ್ ಮೇಲೆ ತೋರಿಸಬೇಕು. ಬೇರೆ ರಾಜ್ಯದಿಂದ ತರುವುದರಿಂದ ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ಪಡೆಯಿರಿ. ಮಾಲೀಕತ್ವ ಬದಲಾವಣೆಗೆ ಫಾರಂ 29 ಮತ್ತು 30. ಕೊಂಡವರು 30 ದಿನದೊಳಗೆ ತಮ್ಮ ಊರಿನ ಆರ್‌ಟಿಒಗೆ ತಿಳಿಸಬೇಕು. 12 ತಿಂಗಳಿಗಿಂತ ಹೆಚ್ಚು ಇಲ್ಲಿಯೇ ಇರಿಸುವುದಾದರೆ ಇಲ್ಲಿನ ನಂಬರ್ ಬೇಕು. ವಿಮಾ ಪಾಲಿಸಿಯಲ್ಲಿ ಟ್ರೇಲರ್ ಸೇರಿದೆಯೇ ಎಂದು ಓದಿ ನೋಡಿ, ಬಾಯಿಮಾತಿನ ಭರವಸೆ ಸಾಲದು.

50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿ 2021ರಲ್ಲಿ ಬಂದಿದೆಯಲ್ಲ ಎಂದು ಯಾರಾದರೂ ಹೇಳಬಹುದು. ಆ ನಿಯಮ ಹೇಳುವುದು ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳ ಬಗ್ಗೆ. ಅದೂ ಅಲ್ಲದೆ, ಆ ನಂಬರ್ ಪಡೆದವು ನಿತ್ಯದ ಓಡಾಟಕ್ಕೆ ಇಳಿಯುವಂತಿಲ್ಲ. ನಿಮಗೆ ಮಾಮೂಲಿ ದಾರಿಯೇ ಸರಿ.

ಹೊಳೆಬದಿ, ಕಲ್ಯಾಣಪುರ

ಬಂಟ್ವಾಳದ ಅಣ್ಣನಿಗೆ ಕೃತಜ್ಞತೆ. ಮಾರುವವರ ಮನೆಯಲ್ಲಿ ಒಂದು ರಟ್ಟಿನ ಕಡತ ಇದೆ. ನೀವು ಹೇಳಿದ ಮೇಲೆ ಅದನ್ನು ಪೂರ್ತಿ ತೆರೆಸಿ ನೋಡಿದೆ. ಸುಂಕ ಕಟ್ಟಿದ ರಸೀದಿ, ಆಮದಿನ ದಾಖಲೆಯಾದ ಬಿಲ್ ಆಫ್ ಎಂಟ್ರಿ, ಟ್ರೇಲರ್ ಎಂದೇ ನಮೂದಾದ ಹಳೆಯ ಆರ್‌ಸಿ, ನವೀಕರಣದ ಕಾಗದ ಎಲ್ಲವೂ ಇವೆ. ಚಾಸಿಯ ಮೇಲಿನ ಫಲಕದ ನಂಬರ್ ಆರ್‌ಸಿಗೆ ತಾಳೆಯಾಗುತ್ತದೆ. ಎನ್‌ಒಸಿಗೆ ಅವರೇ ಅರ್ಜಿ ಹಾಕಿದ್ದಾರೆ.

ತೂಕ ತಿಳಿಯದೆ ಮುಂದಿನ ಮಾತಿಲ್ಲ ಎಂದು ತೋಟದ ಟ್ರ್ಯಾಕ್ಟರಿಗೆ ಕಟ್ಟಿಸಿ ಸನಿಹದ ವೇ ಬ್ರಿಡ್ಜಿಗೆ ಒಯ್ದೆವು. ಖಾಲಿ ಗಾಡಿ 700 ಕೆ.ಜಿ.ಗೆ ಸ್ವಲ್ಪ ಕಡಿಮೆ. ಬೊಲೆರೊ ಒಂದೂವರೆ ಟನ್ನಿಗೂ ಹೆಚ್ಚು ತೂಗುವುದರಿಂದ ಎಳೆಯುವ ಶಕ್ತಿಯ ಚಿಂತೆ ಇಲ್ಲ.

ಗೂಡಿನಬಳಿ

ತಪ್ಪು ತಿಳಿಯಬೇಡಿ ಅಣ್ಣ, ಮನಸ್ಸಿನಲ್ಲಿ ಇದ್ದದ್ದನ್ನು ಕೇಳುತ್ತಿದ್ದೇನೆ. ಇಷ್ಟು ಹಣ, ಇಷ್ಟು ಓಡಾಟ ಏಕೆ? ಗೋಕರ್ಣದಿಂದ ಮಂಗಳೂರಿನವರೆಗೆ ಎಲ್ಲಿ ನೋಡಿದರೂ ಹೋಂಸ್ಟೇ ಇದೆ.

ಹೊಳೆಬದಿ, ಕಲ್ಯಾಣಪುರ

ಅಕ್ಕ, ಕೇಳಿದ್ದು ಒಳ್ಳೆಯದೇ ಆಯಿತು. ಅಮ್ಮನಿಗೆ ಮಂಡಿನೋವು. ಹೊರಗೆ ಎಲ್ಲಿ ಹೋದರೂ ಮೆಟ್ಟಿಲು, ಎತ್ತರದ ಮಂಚ, ಪರರ ಶೌಚಾಲಯ ಎಂದು ಹೆದರಿ ಕೆಲವು ವರ್ಷಗಳಿಂದ ಮನೆಯಿಂದ ಹೊರಡುವುದನ್ನೇ ಬಿಟ್ಟಿದ್ದಾರೆ. ಬೆಳಗ್ಗೆ ಗಂಜಿ, ಉಪ್ಪಿನಕಾಯಿ ಇಲ್ಲದೆ ಅವರಿಗೆ ದಿನ ಹತ್ತುವುದಿಲ್ಲ. ತಮ್ಮದೇ ಹಾಸಿಗೆ, ತಮ್ಮದೇ ಒಲೆ ಜತೆಗೆ ಬಂದರೆ ಅವರು ಹೊರಡುತ್ತಾರೆ. ಕೇಳಿಯೂ ನೋಡಿದ್ದೇನೆ. ಬನವಾಸಿಗೆ ಒಮ್ಮೆ ಹೋಗಬೇಕಿತ್ತು ಎಂದರು.

ಇನ್ನೊಂದು ಕಾರಣ ನನ್ನದೇ. ಈ ಗಾಡಿಯಲ್ಲಿ ಬಿಚ್ಚಿ ನೋಡಲಾಗದ ಭಾಗವೇ ಇಲ್ಲ. ಪ್ರತಿಯೊಂದು ಹಲಗೆಗೂ ಸ್ಕ್ರೂ ಇದೆ, ಪ್ರತಿಯೊಂದು ಸ್ಕ್ರೂ ಕಣ್ಣಿಗೆ ಕಾಣುತ್ತದೆ. ಕಟ್ಟಿದವನು ಮುಂದೊಂದು ದಿನ ರಿಪೇರಿ ಮಾಡುವವನನ್ನು ನೆನೆದೇ ಕಟ್ಟಿದ್ದಾನೆ. ಅಂತಹ ವಸ್ತು ಶೆಡ್ಡಿನಲ್ಲಿ ಗೆದ್ದಲು ಹಿಡಿದು ಹೋಗುವುದನ್ನು ನೋಡುತ್ತಾ ಕೂರಲು ನನ್ನಿಂದಾಗದು.

ಗೂಡಿನಬಳಿ

ಅಮ್ಮನನ್ನು ಬನವಾಸಿಗೆ ಕರೆದುಕೊಂಡು ಹೋಗಿ. ಇನ್ನು ನಾನೇನೂ ಕೇಳುವುದಿಲ್ಲ.

ಪಯಸ್ವಿನಿ, ಸುಳ್ಯ

ದಾರಿಯ ಬಗ್ಗೆ ನಾನು ಹೇಳುತ್ತೇನೆ, ಆ ರಸ್ತೆಯಲ್ಲಿ ನನ್ನದು ನಿತ್ಯದ ಓಡಾಟ.

ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿ ಹತ್ತಿರವೆಂದು ಯಾರು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ. 36 ಹೇರ್‌ಪಿನ್ ತಿರುವುಗಳು, ಬಹಳ ಕಡಿದಾದ ಇಳಿಜಾರು. ನೀವು ಹೇಳಿದ ಗೂಡಲೂರು ದಾರಿ ಸುತ್ತು, ಆದರೆ ಇಳಿತ ಹದ. ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ಇ–ಪಾಸ್ ಬೇಕು, ಮೊದಲೇ ಮಾಡಿಸಿಕೊಳ್ಳಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಕಾಡಿನ ನಡುವೆ ಗಾಡಿ ನಿಲ್ಲಿಸಿ ಹಬ್ ಕಾದಿದೆಯೇ ಎಂದು ಮುಟ್ಟಿ ನೋಡುವ ಹಾಗಿಲ್ಲ, ಆನೆ ಬರುವ ಜಾಗ. ಅದನ್ನೆಲ್ಲ ಗೂಡಲೂರಿನಲ್ಲಿಯೇ ಮುಗಿಸಿ.

ನನ್ನ ನಿಜವಾದ ಚಿಂತೆ ಬ್ರೇಕಿನದು. ಊಟಿ ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರ. ಗೂಡಲೂರಿಗೆ ಬರುವಷ್ಟರಲ್ಲಿ ಸಾವಿರ ಮೀಟರಿಗೂ ಹೆಚ್ಚು ಇಳಿದಿರುತ್ತೀರಿ. ಇಂತಹ ಟ್ರೇಲರಿಗೆ ಕಾರಿನ ಪೆಡಲಿನಿಂದ ಬ್ರೇಕ್ ಹೋಗುವುದಿಲ್ಲ. ಕಾರು ನಿಧಾನವಾದಾಗ ಹಿಂದಿನ ಗಾಡಿ ಮುಂದಕ್ಕೆ ಒತ್ತುತ್ತದೆ, ಆ ಒತ್ತಡಕ್ಕೆ ಕಪ್ಲಿಂಗಿನ ದಂಡ ಒಳಗೆ ಸರಿದು ಸರಳನ್ನು ಎಳೆಯುತ್ತದೆ, ಸರಳು ಬ್ರೇಕ್ ಶೂ ಅಗಲಿಸುತ್ತದೆ. ಸಮತಟ್ಟಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಮಾತ್ರ ಗಾಡಿ ಸದಾ ಒತ್ತುತ್ತಲೇ ಇರುವುದರಿಂದ ಬ್ರೇಕ್ ಬಿಡುವುದೇ ಇಲ್ಲ. ಡ್ರಮ್ ಕಾದು, ಶೂ ಮೇಲಿನ ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಹೊಸ ಲೈನಿಂಗ್ ಹಾಕಿಸಿ, ಎರಡನೇ ಗೇರಿನಲ್ಲಿ ಎಂಜಿನ್ ತಡೆಯಿಂದಲೇ ಇಳಿದು, ಅಲ್ಲಲ್ಲಿ ನಿಲ್ಲಿಸಿ ತಣಿಸುತ್ತಾ ಬಂದರೆ ಎಳೆದು ತರಬಹುದು ಎಂದೇ ನನ್ನ ಅಭಿಪ್ರಾಯ. ಅವಸರದ ಮನುಷ್ಯನಾದರೆ ಬೇಡ.

ಕಾಪು ಪಡು

ಹೊಸ ಲೈನಿಂಗ್ ಡ್ರಮ್ಮಿಗೆ ಕೂರಲು ಒಂದಷ್ಟು ಓಡಾಟ ಬೇಕು. ಅದನ್ನು ಮೊಟ್ಟಮೊದಲಿಗೆ ಪರೀಕ್ಷಿಸುವುದು ನೀಲಗಿರಿಯ ಇಳಿಜಾರಿನಲ್ಲೇ? ಪಯಸ್ವಿನಿಯವರೇ, ನಿಮ್ಮ ಅನುಭವಕ್ಕೆ ಗೌರವ ಇಟ್ಟುಕೊಂಡೇ ಕೇಳುತ್ತಿದ್ದೇನೆ.

ಪಯಸ್ವಿನಿ, ಸುಳ್ಯ

ಈ ಮಾತು ಒಪ್ಪುತ್ತೇನೆ. ಹಾಗಾದರೆ ನೀಲಗಿರಿಯನ್ನು ಲಾರಿಯ ಮೇಲೆ ಇಳಿಸಿ, ಗುಂಡ್ಲುಪೇಟೆಯಲ್ಲಿ ಕೆಳಗಿಳಿಸಿ. ಅಲ್ಲಿಂದ ಮಡಿಕೇರಿಯವರೆಗೆ ದೊಡ್ಡ ಇಳಿತ ಇಲ್ಲ. ಅಷ್ಟು ದೂರದಲ್ಲಿ ಲೈನಿಂಗ್ ಕೂರುತ್ತದೆ, ನಿಮಗೂ ಗಾಡಿಯ ಗುಣ ತಿಳಿಯುತ್ತದೆ. ಸಂಪಾಜೆಗೆ ಬರುವಷ್ಟರಲ್ಲಿ ತೀರ್ಮಾನ ನಿಮ್ಮ ಕೈಯಲ್ಲಿರುತ್ತದೆ.

ಬೈಕಂಪಾಡಿ ಲೇತ್

ಇದು ಸರಿಯಾದ ಮಾತು. ಹಿಂಬದಿ ತಾನೇ ವಾಲಿ ನೆಲ ಮುಟ್ಟುವ ರಿಕವರಿ ಲಾರಿ ಗೊತ್ತುಮಾಡಿ, ಸಾದಾ ಲಾರಿಯಾದರೆ ಏರಿಸಲು ಇಳಿಸಲು ಕಟ್ಟೆ ಹುಡುಕಬೇಕಾಗುತ್ತದೆ. ಹಗ್ಗ, ಬೆಲ್ಟ್ ಏನಿದ್ದರೂ ಆಕ್ಸಲಿಗೆ ಮತ್ತು ಚಾಸಿಗೆ ಬಿಗಿಯಬೇಕು. ಮೈಮೇಲಿಂದ ಬೆಲ್ಟ್ ಹಾಯಿಸಿ ಎಳೆದರೆ ಅಲ್ಯೂಮಿನಿಯಂ ತಗಡು ಒಳಗೆ ಹೋಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ.

ಮಲ್ಪೆ ಬಂದರು

ನಮ್ಮದು ದೋಣಿ ಕೆಲಸದ ಮನೆ. ಕ್ಯಾರವಾನ್ ಕಟ್ಟಿ ಗೊತ್ತಿಲ್ಲ, ಆದರೆ ಮರ, ನೀರು, ಸ್ಕ್ರೂ ಇವುಗಳ ಜಗಳ ಗೊತ್ತು. ದೋಣಿಗೆ ನೀರು ಕೆಳಗಿನಿಂದ ಬರುತ್ತದೆ, ನಿಮ್ಮ ಗಾಡಿಗೆ ಮೇಲಿನಿಂದ. ಅಷ್ಟೇ ವ್ಯತ್ಯಾಸ.

ಕೊಳ್ಳುವ ಮೊದಲು ಸಣ್ಣ ಸ್ಕ್ರೂಡ್ರೈವರ್ ಹಿಡಿದು ಒಳಗಿನಿಂದ ಕಿಟಕಿಗಳ ಕೆಳಮೂಲೆ, ಮಾಡಿನ ಅಂಚು, ಬಾಗಿಲ ಹೊಸ್ತಿಲು ಇಷ್ಟನ್ನೂ ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಮರ ತಡೆಯುತ್ತದೆ. ಕೊಳೆತದ್ದು ಒಳಗೆ ಬಿಟ್ಟುಕೊಳ್ಳುತ್ತದೆ. ಹಾರ್ಡ್‌ಬೋರ್ಡ್ ಉಬ್ಬಿದ ಕಡೆ, ಕಂದು ಕಲೆ ಇರುವ ಕಡೆ ಹಿಂದಿನ ಚೌಕಟ್ಟು ಹೋಗಿರುತ್ತದೆ ಎಂದೇ ಲೆಕ್ಕ.

ಮರ ಬದಲಾಯಿಸುವಾಗ ಕಿರಾಲ್‌ಬೋಗಿ ಹಾಕೋಣ, ನೂರು ವರ್ಷ ಬರುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮರ ಒಳ್ಳೆಯದೇ, ಆದರೆ ಬಹಳ ಭಾರ. ಹೆಬ್ಬಲಸು ಹಗುರ, ನೀರಿಗೂ ಬಾಳುತ್ತದೆ. ಪ್ಲೈವುಡ್ ತರುವುದಾದರೆ ಐಎಸ್ 710 ಎಂದು ಮುದ್ರೆ ಇರುವ ಮರೈನ್ ಪ್ಲೈ ತನ್ನಿ.

ಅಲ್ಯೂಮಿನಿಯಂ ತಗಡಿಗೆ ಸಾದಾ ಕಬ್ಬಿಣದ ಸ್ಕ್ರೂ ಹೊಡೆಯಲೇಬೇಡಿ. ಉಪ್ಪುಗಾಳಿಯಲ್ಲಿ ಎರಡು ಲೋಹ ಒಂದಕ್ಕೊಂದು ತಾಗಿದರೆ ಸ್ಕ್ರೂವಿನ ಸುತ್ತ ಬಿಳಿ ಪುಡಿ ಬರುತ್ತದೆ, ತೂತು ದೊಡ್ಡದಾಗುತ್ತದೆ, ಆ ತೂತಿನಿಂದ ನೀರು ಒಳಗೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ, ಪ್ರತಿ ಸ್ಕ್ರೂವಿಗೂ ಸೀಲಂಟ್ ಮೆತ್ತಿ ಕೂರಿಸಿ. ಕಿಟಕಿ ಚೌಕಟ್ಟಿನ ಸುತ್ತ ಮೇಲಿನಿಂದ ಸಿಲಿಕಾನ್ ಎಳೆದರೆ ಪ್ರಯೋಜನವಿಲ್ಲ. ಚೌಕಟ್ಟು ಬಿಚ್ಚಿ, ಹಳೆಯ ಅಂಟು ಕೆರೆದು, ನೀರು ತಡೆಯುವ ಬ್ಯುಟೈಲ್ ಅಂಟುಪಟ್ಟಿ ಹಾಕಿ ಮತ್ತೆ ಬಿಗಿಯಬೇಕು. ಬೇಸರದ ಕೆಲಸ, ಬೇರೆ ಉಪಾಯ ಇಲ್ಲ.

ಹೊಳೆಬದಿ, ಕಲ್ಯಾಣಪುರ

ಎಲ್ಲರಿಗೂ ಸಂತೋಷದ ಸುದ್ದಿ: ಗಾಡಿ ಊರಿಗೆ ಬಂದಿದೆ. ನಡೆದದ್ದನ್ನು ವಿವರವಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾದೀತು.

ಹೊರಡುವ ಮೊದಲು ಕೂನೂರಿನಲ್ಲಿಯೇ ಟಯರ್, ಬೇರಿಂಗ್, ಬ್ರೇಕ್ ಲೈನಿಂಗ್ ಎಲ್ಲವೂ ಹೊಸದಾದವು. ಬಲಗಡೆಯ ಹಬ್ಬಿನಲ್ಲಿ ಒಳಗಿನ ಬೇರಿಂಗ್ ತುಕ್ಕು ಹಿಡಿದು ಬಣ್ಣವೇ ಬದಲಾಗಿತ್ತು. ಬೈಕಂಪಾಡಿಯ ಅಣ್ಣ ಹೇಳಿದಂತೆ ಅಂಚಿನ ನಂಬರ್ ಓದಿ ಕೊಯಮತ್ತೂರಿನಿಂದ ತರಿಸಿದೆವು. ಗ್ಯಾಸಿನ ಹಳೆಯ ರಬ್ಬರ್ ಪೈಪನ್ನು ಕತ್ತರಿಸಿ ತೆಗೆದೆವು, ಸಿಲಿಂಡರ್ ಇಡಲೇ ಇಲ್ಲ. ಹಿಂದಿನ ದೀಪಗಳ ತಂತಿಯಲ್ಲಿ ನಂಬಿಕೆ ಸಾಲದೆ ಹೊಸ ತಂತಿ ಎಳೆದು ಬ್ರೇಕ್, ಇಂಡಿಕೇಟರ್, ನಂಬರ್ ಪ್ಲೇಟಿನ ದೀಪ ಎಲ್ಲವನ್ನೂ ಬೊಲೆರೊಗೆ ಜೋಡಿಸಿದೆವು. ಕೆಂಪು ಪ್ರತಿಫಲಕಗಳನ್ನೂ ಅಂಟಿಸಿದೆವು.

ನೀಲಗಿರಿಯನ್ನು ಲಾರಿಯ ಮೇಲೆ ಇಳಿಸಿದೆವು. ನಾನು ಬೊಲೆರೊದಲ್ಲಿ ಹಿಂದೆಯೇ ಬಂದೆ. ಲಾರಿಯ ಮೇಲೆ ಅದರ ಎತ್ತರ ಮೂರೂವರೆ ಮೀಟರ್ ಹತ್ತಿರವಾಗಿತ್ತು, ಗೂಡಲೂರು ಪೇಟೆಯಲ್ಲಿ ತೂಗಾಡುವ ತಂತಿಗಳ ಕೆಳಗೆ ಕ್ಲೀನರ್ ಹುಡುಗ ಇಳಿದು ದಾರಿ ತೋರಿಸಬೇಕಾಯಿತು. ಆ ಇಳಿಜಾರುಗಳನ್ನು ಹಿಂದಿನಿಂದ ನೋಡಿದ ಮೇಲೆ ಕಾಪುವಿನ ಅಣ್ಣನ ಮಾತಿನ ಬೆಲೆ ತಿಳಿಯಿತು. ಮಧ್ಯಾಹ್ನಕ್ಕೆ ಮೊದಲೇ ಬಂಡೀಪುರ ದಾಟಿ ಗುಂಡ್ಲುಪೇಟೆಯಲ್ಲಿ ಇಳಿಸಿಕೊಂಡೆವು.

ಅಲ್ಲಿ ಒಂದು ಕೆಲಸ ಬಹಳ ನಿಧಾನವಾಗಿ ಮಾಡಿದೆವು, ಅದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ. ಒಂದೇ ಆಕ್ಸಲಿನ ಟ್ರೇಲರಿನಲ್ಲಿ ಕಪ್ಲಿಂಗಿನ ಮೇಲೆ ಬೀಳುವ ಭಾರ ಸರಿಯಿಲ್ಲದಿದ್ದರೆ ಹಿಂಬದಿ ಹಾವಿನಂತೆ ಹೊರಳಲು ಶುರುಮಾಡುತ್ತದೆ. ಇಂಗ್ಲೆಂಡಿನವರ ಲೆಕ್ಕದಲ್ಲಿ ಗಾಡಿಯ ತೂಕದ ಶೇ 5ರಿಂದ 7 ಮುಂದಿನ ಮೂತಿಯ ಮೇಲೆ ಇರಬೇಕು. 700 ಕೆ.ಜಿ.ಗೆ 35ರಿಂದ 49 ಕೆ.ಜಿ. ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನು ಜತೆಗೆ ಒಯ್ದಿದ್ದೆ. ಸಮತಟ್ಟಾದ ಜಾಗದಲ್ಲಿ ಕಪ್ಲಿಂಗಿನ ಕೆಳಗೆ, ಗಾಡಿ ಕಟ್ಟಿದಾಗ ಇರುವಷ್ಟೇ ಎತ್ತರಕ್ಕೆ ಕತ್ತರಿಸಿದ ಮರದ ತುಂಡು ನಿಲ್ಲಿಸಿ, ಅದನ್ನು ಯಂತ್ರದ ಮೇಲೆ ಕೂರಿಸಿ ಮೂತಿಯ ಭಾರ ಬಿಟ್ಟೆವು. ಖಾಲಿ ಗಾಡಿಯಲ್ಲಿ 30ಕ್ಕಿಂತ ಕಡಿಮೆ ತೋರಿಸಿತು. ಸ್ಟೆಪ್ನಿ ಮತ್ತು ಜಾಕನ್ನು ಆಕ್ಸಲಿಗಿಂತ ಸಾಕಷ್ಟು ಮುಂದೆ ನೆಲದ ಮೇಲೆ ಇಟ್ಟು ಹಗ್ಗದಿಂದ ಬಿಗಿದ ಮೇಲೆ 42ಕ್ಕೆ ಬಂತು. ಹಿಂದಿನ ಬೆಂಚಿನ ಕೆಳಗೆ ಏನನ್ನೂ ಇಡಲಿಲ್ಲ.

ಮೈಸೂರು ದಾಟಿ ಹುಣಸೂರಿನ ದಾರಿಯಲ್ಲಿ ಬಸ್ಸೊಂದು ವೇಗವಾಗಿ ನಮ್ಮನ್ನು ಹಿಂದಿಕ್ಕಿದಾಗ ಗಾಡಿ ಒಮ್ಮೆ ಆಚೆಗೆ, ಒಮ್ಮೆ ಬಸ್ಸಿನ ಕಡೆಗೆ ವಾಲಿತು. ಬ್ರೇಕ್ ಒತ್ತದೆ, ಸ್ಟಿಯರಿಂಗ್ ತಿರುಗಿಸದೆ, ಆಕ್ಸಿಲರೇಟರ್ ಮೇಲಿನ ಕಾಲನ್ನಷ್ಟೇ ಸಡಿಲಿಸಿದೆ. ಒಮ್ಮೆ ಓಲಾಡಿ ನೆಟ್ಟಗಾಯಿತು. ಮೂತಿಯ ಭಾರಕ್ಕೆ ಕಳೆದ ಸಮಯ ಸಾರ್ಥಕವಾಯಿತು ಎನಿಸಿತು. ಗಂಟೆಗೆ 50 ಕಿ.ಮೀ. ದಾಟಲಿಲ್ಲ.

ಆ ರಾತ್ರಿ ಸುಂಟಿಕೊಪ್ಪದ ಬಳಿ ಪರಿಚಯದವರ ಕಾಫಿ ಕಣದಲ್ಲಿ ಗಾಡಿ ನಿಲ್ಲಿಸಿ ಒಳಗೇ ಮಲಗಿದೆವು. ಡಿಸೆಂಬರಿನ ಚಳಿ, ಹೊರಗೆ ಒಣಹಾಕಿದ ಕಾಫಿಯ ಹುಳಿವಾಸನೆ. ಮೇಜು ಇಳಿಸಿ ಮಂಚ ಮಾಡಿದಾಗ ಹಲಗೆ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂತದ್ದನ್ನು ಕಂಡು ಬಹಳ ಹೊತ್ತು ನಿದ್ದೆ ಬರಲಿಲ್ಲ. ಅಷ್ಟು ಖುಷಿಯಾಗಿತ್ತು.

ಮಡಿಕೇರಿಯಿಂದ ಸಂಪಾಜೆಗೆ ಎರಡನೇ ಗೇರಿನಲ್ಲಿ ಇಳಿದೆವು. 2018ರಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದ ಗುರುತು ಈಗಲೂ ರಸ್ತೆ ಬದಿಯಲ್ಲಿ ಕಾಣುತ್ತದೆ. ಅಗಲ ಜಾಗ ಸಿಕ್ಕಲ್ಲೆಲ್ಲ ನಿಲ್ಲಿಸಿ, ಮೊದಲು ಅಂಗೈಯನ್ನು ಡ್ರಮ್ಮಿನ ಹತ್ತಿರ ಹಿಡಿದು, ಆಮೇಲೆ ಬೆರಳ ಹಿಂಬದಿಯಿಂದ ಹಬ್ ಮುಟ್ಟಿ ನೋಡಿದೆ. ಬಲಗಡೆಯದು ಬೆಚ್ಚಗಿತ್ತು. ಎಡಗಡೆಯದು ಒಮ್ಮೆ ಬೆರಳಿಡಲು ಬಾರದಷ್ಟು ಕಾದು, ಲೈನಿಂಗ್ ಸುಡುವ ವಾಸನೆಯೂ ಬಂತು. ಪೂರ್ತಿ ತಣಿಯುವವರೆಗೆ ಕಾದು, ಸುಳ್ಯಕ್ಕೆ ಮೆಲ್ಲಗೆ ಬಂದು, ಪಯಸ್ವಿನಿ ಅಣ್ಣನ ಪರಿಚಯದ ಗ್ಯಾರೇಜಿನಲ್ಲಿ ಚಕ್ರ ಎತ್ತಿಸಿ ನೋಡಿದೆವು. ಎಡಗಡೆಯ ಸರಳು ಹೆಚ್ಚು ಬಿಗಿಯಾಗಿತ್ತು, ಶೂ ಪೂರ್ತಿ ಬಿಡುತ್ತಿರಲಿಲ್ಲ. ಎರಡೂ ಕಡೆ ಸಮ ಮಾಡಿಕೊಟ್ಟರು. ಹಣ ಬೇಡವೆಂದರು, ಬಲವಂತದಿಂದ ಕೊಟ್ಟೆ. ಅಣ್ಣ ಮನೆಗೆ ಕರೆದು ಊಟ ಹಾಕಿದ್ದನ್ನು ಮರೆಯುವುದಿಲ್ಲ.

ಉಳಿದ ದಾರಿಯಲ್ಲಿ ಹೇಳುವಂಥದ್ದು ಕಡಿಮೆ. ಪುತ್ತೂರಿನಲ್ಲಿ ತಂಗಿ, ನಸುಕಿನಲ್ಲೇ ಹೊರಟು ನಂತೂರು ವೃತ್ತವನ್ನು ವಾಹನದಟ್ಟಣೆಗೆ ಮೊದಲೇ ದಾಟಿದೆವು. ಕೂಳೂರಿನ ಹಳೆಯ ಸೇತುವೆಯ ಮೇಲೆ ನಡಿಗೆಯ ವೇಗ. ಹೆಜಮಾಡಿ ಟೋಲ್ ದಾಟಿ, ಪಡುಬಿದ್ರಿ, ಕಾಪು, ಉಡುಪಿ, ಸಂತೆಕಟ್ಟೆ. ನಮ್ಮ ಓಣಿಯಲ್ಲಿ ಬೊಲೆರೊ ಸಹಿತ ತಿರುಗಿಸಲು ಜಾಗವಿಲ್ಲ. ಹಿಂದಕ್ಕೆ ಸರಿಸುವಾಗ ಬ್ರೇಕ್ ಕಚ್ಚದಂತೆ ಕಪ್ಲಿಂಗಿನ ಪಕ್ಕದ ಕೊಕ್ಕೆಯನ್ನು ಮಡಚಬೇಕು. ಅದನ್ನು ಮಡಚಿ, ಗಾಡಿ ಬಿಚ್ಚಿ, ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಕೈಯಿಂದಲೇ ಅಂಗಳಕ್ಕೆ ತಳ್ಳಿದೆವು. ಅಮ್ಮ ಅಂದೇ ಒಳಗೆ ಹತ್ತಿ ಬೆಂಚಿನ ಎತ್ತರ ನೋಡಿದರು. ಮೆಟ್ಟಿಲು ಒಂದು ಹೆಚ್ಚು ಬೇಕಂತೆ.

ಕಾಪು ಪಡು

ಓದಿ ಮನಸ್ಸು ತುಂಬಿತು ಮಾರಾಯರೇ. ಸುರಕ್ಷಿತವಾಗಿ ಬಂದಿರಲ್ಲ, ಅಷ್ಟು ಸಾಕು.

ಮಲ್ಪೆ ಬಂದರು

ಜೂನ್ ಬರುವ ಮೊದಲು ಮಾಡಿನ ಕೆಲಸ ಮುಗಿಸಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಕೂನೂರಿನ ಶೆಡ್ಡಿನಲ್ಲಿ ಉಳಿದದ್ದು ಇಲ್ಲಿ ಬಯಲಿನಲ್ಲಿ ಉಳಿಯುವುದಿಲ್ಲ. ಟಾರ್ಪಾಲಿನ್ ಮಾತ್ರ ನೇರವಾಗಿ ಹೊದಿಸಬೇಡಿ. ಒಳಗಿನ ತೇವ ಹೊರಗೆ ಹೋಗದೆ ಮರ ಬೇಗ ಕೊಳೆಯುತ್ತದೆ. ಕಂಬ ನೆಟ್ಟು, ಗಾಡಿಯ ಮೇಲಿನಿಂದ ಎರಡಡಿ ಎತ್ತರಕ್ಕೆ ಶೀಟಿನ ಮಾಡು ಹಾಕಿ. ನಾಲ್ಕು ಬದಿಗೂ ಗಾಳಿ ಆಡಲಿ. ಬಿಸಿಲಿದ್ದ ದಿನ ಕಿಟಕಿ ತೆರೆದಿಡಿ. ಚಕ್ರದ ಭಾರ ನೆಲಕ್ಕೆ ಬೀಳದಂತೆ ಆಕ್ಸಲಿನ ಕೆಳಗೆ ಮುರಕಲ್ಲು ಕೊಡಿ.

ಬೈಕಂಪಾಡಿ ಲೇತ್

ಮುರಕಲ್ಲನ್ನು ನೇರವಾಗಿ ಕೊಡಬೇಡಿ, ಮೇಲೊಂದು ದಪ್ಪ ಹಲಗೆ ಇಡಿ. ಮಳೆಯಲ್ಲಿ ನೆನೆದ ಕಲ್ಲಿನ ಅಂಚು ಉದುರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ಬಿಡಬೇಡಿ, ನಾಲ್ಕು ತಿಂಗಳಲ್ಲಿ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಮರದ ಬೆಣೆ ಸಾಕು.

ಸೀತಾನದಿ, ಬ್ರಹ್ಮಾವರ

ಇಲ್ಲಿಯವರೆಗೆ ಓದುತ್ತಾ ಮಾತ್ರ ಇದ್ದೆ. ಚಿಕ್ಕಮಗಳೂರಿನ ಒಂದು ಕಾಫಿ ತೋಟದಲ್ಲಿ ಇಂಥದ್ದೇ ಒಂದು ಟ್ರೇಲರ್ ಇದೆ ಎಂದು ನಮ್ಮ ಮಾವ ಹೇಳುತ್ತಿದ್ದಾರೆ. ಬಾಗಿಲು ತೆರೆಯುವುದಿಲ್ಲವಂತೆ, ಮಾಡಿನ ಮೇಲೆ ಮರ ಬಿದ್ದ ಗುರುತು ಇದೆಯಂತೆ. ಬೆಲೆ ಕಡಿಮೆ ಹೇಳುತ್ತಿದ್ದಾರೆ. ಹೋಗಿ ನೋಡಬಹುದೇ? ಆಗುಂಬೆಯಲ್ಲಿ ಇಳಿಸಿದರೆ ಹತ್ತಿರವಾಗುತ್ತದೆ.

ಪಯಸ್ವಿನಿ, ಸುಳ್ಯ

ಆಗುಂಬೆ ಬೇಡ. 14 ಹೇರ್‌ಪಿನ್ ತಿರುವು, ಒಂದೊಂದರಲ್ಲೂ ಕಾರಿಗೇ ಜಾಗ ಸಾಲದು, ಟ್ರೇಲರ್ ಒಳಮೂಲೆಯ ಕಲ್ಲಿಗೆ ಉಜ್ಜುತ್ತದೆ. ಕೊಳ್ಳುವುದೇ ಆದರೆ ಶೃಂಗೇರಿ, ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಬಜಗೋಳಿ, ಕಾರ್ಕಳ ದಾರಿ ನೋಡಿ.

ಹೊಳೆಬದಿ, ಕಲ್ಯಾಣಪುರ

ನೋಡದೆ ಮುಂಗಡ ಕೊಡಬೇಡಿ ತಮ್ಮ. ಬಾಗಿಲು ತೆರೆಯುವುದಿಲ್ಲ ಎಂದರೆ ಚೌಕಟ್ಟು ವಾಲಿರಬಹುದು, ಮಾಡಿನ ಪೆಟ್ಟು ಅದಕ್ಕೆ ಕಾರಣವಿದ್ದೀತು. ಅಂಥದ್ದಾದರೆ ಚಾಸಿ ಮತ್ತು ಆಕ್ಸಲಿನ ಬೆಲೆಗೆ ಮಾತ್ರ ಕೇಳಬೇಕು. ಆರ್‌ಸಿ ಇದೆಯೇ ಎಂದು ಮಾವನವರಲ್ಲಿ ಇವತ್ತೇ ಫೋನಿನಲ್ಲಿ ವಿಚಾರಿಸಿ. ಇದ್ದರೆ ಮುಂದಿನ ಭಾನುವಾರ ನಾನೂ ಬರುತ್ತೇನೆ. ಸ್ಕ್ರೂಡ್ರೈವರ್, ಜಾಕ್, ವರ್ನಿಯರ್ ನನ್ನ ಬಳಿ ಇವೆ. ನೀವು ಟಾರ್ಚ್ ಮತ್ತು ಹಳೆಯ ಗೋಣಿ ತನ್ನಿ, ಕೆಳಗೆ ಮಲಗಿ ನೋಡಬೇಕಾಗುತ್ತದೆ.